ಮುದ್ದೆಮಾಲು ನಂಬರ್ ಎರಡು

18 ಆಗಸ್ಟ್ 2025, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ವಿರೂಪಾಕ್ಷಣ್ಣ ಕುರುಗೋಡಿನಿಂದ ಬಳ್ಳಾರಿಗೆ, ನಮ್ಮ ಮನೆಗೆ ಬಂದ. ಚಹಾ ಬರುವ ಮೊದಲೇ ಒಂದು ರೇಷ್ಮೆ ವಸ್ತ್ರದ ಗಂಟನ್ನು ನನ್ನ ಮೇಜಿನ ಮೇಲೆ, ಇವತ್ತಿನ ಪೇಪರುಗಳ ಮೇಲೆಯೇ ಇಟ್ಟ. ನಮ್ಮ ಮನೆಯ ಬೇಟೆ ಕತ್ತಿ. ಅದು ದೇವರ ಕೋಣೆಯಿಂದ ಹೊರಗೆ ಬಂದದ್ದನ್ನು ನನ್ನ ಅರವತ್ಮೂರು ವರ್ಷದಲ್ಲಿ ಇದೇ ಮೊದಲು ನೋಡಿದ್ದು.

"ವಿಜಯದಶಮಿಗೆ ಊರ ಗ್ರಂಥಾಲಯದ ಹೊಸ ಕೋಣಿಗೆ ಅಜ್ಜನ ಹೆಸರು ಇಡ್ತೀವಿ. ಗಾಜಿನ ಪೆಟ್ಟಿಗ್ಯಾಗ ಈ ಕತ್ತಿ. ಬಾಜೂಕ ಒಂದು ಹಾಳಿ. ಅದನ್ನ ನೀ ಬರಿಬೇಕು ತಮ್ಮಾ. ನಾಕು ಸಾಲು, ಜಾಸ್ತಿ ಏನಿಲ್ಲ."

"ಏನಂತ ಬರೀಲಿ?"

"ಏನಂತ ಅಂದ್ರ? ಕಲೆಕ್ಟರ್ ದೊರಿ ಅಜ್ಜಗ ಕೊಟ್ಟ ಕತ್ತಿ. ಅದರಲೆ ಗುಡ್ಡದ ಚಿರತಿ ಹೊಡದ. ಊರಿಗೆಲ್ಲಾ ಗೊತ್ತೈತಿ."

"ಯಾವ ದೊರಿ? ಯಾವ ಇಸ್ವಿ?"

"ಶುರುವಾತು ನೋಡು ಪೇಪರಿನ ಬುದ್ಧಿ!" ಎಂದು ವಿಜಯಲಕ್ಷ್ಮಿಯ ಕಡೆ ತಿರುಗಿ ನಕ್ಕ. ಅವಳೂ ನಕ್ಕಳು. ನನ್ನ ಹೆಂಡತಿ ಅಣ್ಣನ ಮಾತಿಗೆ ಯಾವಾಗಲೂ ನಗುತ್ತಾಳೆ.

ಅಜ್ಜ ಪಂಪನಗೌಡ ಮದ್ರಾಸ್ ಸರ್ಕಾರದ ಕಾಲದಲ್ಲಿ ಕುರುಗೋಡಿನ ಗ್ರಾಮ ಮುನಸೀಬ; ಕಂದಾಯ, ಸಣ್ಣ ವ್ಯಾಜ್ಯ, ಪೊಲೀಸರಿಗೆ ವರದಿ, ಎಲ್ಲ ಅವನ ಕೈಯಲ್ಲಿ. ಈಗಲೂ ಊರಲ್ಲಿ ನಮ್ಮದು ಮುನಸೀಬರ ಮನೆ. ಅವನು ತೀರಿಕೊಂಡಾಗ ನನಗೆ ಮೂರು ವರ್ಷ. ಗೋಡೆಯ ಫೋಟೋ ಬಿಟ್ಟರೆ ನನಗೆ ಅವನ ನೆನಪಿಲ್ಲ. ದಾಖಲೆ ಸಿಕ್ಕಷ್ಟನ್ನೇ ಬರೆಯುತ್ತೇನೆ ಎಂದು ಅಣ್ಣನಿಗೆ ಹೇಳಿದೆ. ಒಪ್ಪಿದ. ಮೂವತ್ತೊಂದು ವರ್ಷ ಪತ್ರಿಕೆಯ ಮೇಜಿನಲ್ಲಿ ಕೂತವನು ಬೇರೆ ರೀತಿ ಬರೆಯುವುದು ಸಾಧ್ಯವಿಲ್ಲ.

20 ಆಗಸ್ಟ್, ಬುಧವಾರ

ಅಳತೆ ತೆಗೆದುಕೊಂಡೆ. ಒಟ್ಟು ಉದ್ದ ಹದಿನಾಲ್ಕೂವರೆ ಇಂಚು, ಅಲಗು ಒಂಬತ್ತೂವರೆ. ಜಿಂಕೆ ಕೊಂಬಿನ ಹಿಡಿ, ಎರಡು ಹಿತ್ತಾಳೆ ಮೊಳೆ. ದೊರೆ ಕೊಟ್ಟ ಕತ್ತಿಯಾಗಿದ್ದರೆ ಅಂಗಡಿಯ ಮುದ್ರೆ ಇರಬೇಕಿತ್ತು. ಇಲ್ಲ. ಇದು ಹಳ್ಳಿಯ ಕುಲುಮೆಯಲ್ಲಿ ಬಡಿದದ್ದು. ಬೆನ್ನಿನ ಮೇಲೆ ಸುತ್ತಿಗೆಯ ಏಟು ಹಾಗೇ ಇವೆ.

ಹಿಡಿಯ ಹತ್ತಿರ ಅಲಗಿನ ಮೇಲೆ ಕುಂಕುಮ ಗಟ್ಟಿಯಾಗಿ ಕೂತಿದೆ. ಪ್ರತಿ ಮಹಾನವಮಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚುತ್ತಾರೆ, ಹಿಂದಿನ ವರ್ಷದ್ದನ್ನು ಒರೆಸುವುದಿಲ್ಲ. ಒರೆಸಿದರೆ ಮನೆಗೆ ಒಳ್ಳೆಯದಲ್ಲವಂತೆ. ಆ ಜಾಗದಲ್ಲಿ ಏನಿದೆಯೆಂದು ಯಾರೂ ನೋಡಿಲ್ಲ.

"ತೆಗಿಬ್ಯಾಡ್ರಿ. ತೊಂಬತ್ತು ವರ್ಷದ ಪೂಜಿ ಅದು," ಎಂದಳು ವಿಜಯಲಕ್ಷ್ಮಿ.

"ತೊಂಬತ್ತು ಅಂತ ಯಾರು ಹೇಳಿದ್ರು?"

"ನೀವ ಆವಾಗ ಎಪ್ಪತ್ತು ಅಂತ ಬರದಿದ್ರಿ. ಭಾನುವಾರದ ಪುರವಣಿಯಾಗ."

ಹೌದು, 2003ರಲ್ಲಿ. 'ಚಿರತೆ ಕೊಂದ ಮುನಸೀಬ' ಎಂದು ಅರ್ಧ ಪುಟ.

ಹುಣಸೆ ಹುಳಿ, ತೆಂಗಿನ ನಾರು ಹಿಡಿದು ಎರಡು ತಾಸು ಕೂತೆ. ನೀರು ಕೆಂಪಾಗಿ ಹರಿಯಿತು. ಕೊನೆಗೆ ಕಬ್ಬಿಣದ ಮೇಲೆ ಮೊನೆಯಿಂದ ಗೀರಿದ ಇಂಗ್ಲಿಷ್ ಅಕ್ಷರಗಳು ಕಂಡವು: 'ಎಂ.ಓ. 2'. ಅದರ ಕೆಳಗೆ 'ಎಸ್.ಸಿ. 47-34'.

ಹನ್ನೊಂದು ವರ್ಷ ಕೋರ್ಟಿನ ಸುದ್ದಿ ಬರೆದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಎಂ.ಓ. ಅಂದರೆ ಕೇಸಿನಲ್ಲಿ ಸಾಕ್ಷಿಗೆಂದು ಹಾಜರು ಮಾಡಿದ ವಸ್ತು; ಕೋರ್ಟಿನ ಮಾತಿನಲ್ಲಿ ಮುದ್ದೆಮಾಲು. ಸೆಷನ್ಸ್ ಕೇಸ್ 47, ಇಸವಿ 1934. ಈ ಕತ್ತಿ ಒಂದು ಕಾಲದಲ್ಲಿ ಬಳ್ಳಾರಿಯ ಕೋರ್ಟಿನ ಮೇಜಿನ ಮೇಲೆ ಬಿದ್ದಿತ್ತು. ನಿವೃತ್ತನಾದ ಮೇಲೆ ಇಷ್ಟು ಖುಷಿಯಾದದ್ದು ಇದೇ ಮೊದಲು.

23 ಆಗಸ್ಟ್, ಶನಿವಾರ

ಸುಭಾಷ್‌ನನ್ನು ಹೋಟೆಲಿಗೆ ಕರೆದೆ. ಮೂವತ್ತು ವರ್ಷ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನು. ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿ ಕತ್ತಿಯ ಫೋಟೋ ತೋರಿಸಿದೆ. ಕಚ್ಚಿದ ಮಿರ್ಚಿ ಕೈಯಲ್ಲೇ ಉಳಿಯಿತು.

"ಲೇ ಜಂಬಣ್ಣ, ನಿಮ್ಮಜ್ಜ ಚಿರತಿ ಹೊಡದ್ನೋ, ಚಿರತಿ ಮ್ಯಾಲೆ ಕೇಸ್ ಹಾಕಿದ್ನೋ?"

ಚೀಟಿ ಕಟ್ಟಿದರೆ ಇಲಿ ತಿನ್ನುತ್ತವೆಂದು ಕಬ್ಬಿಣದ ಸಾಮಾನಿನ ಮೇಲೆ ನಂಬರು ಗೀರಿಬಿಡುತ್ತಿದ್ದರು ಎಂದು ಅವನ ಕಾಲದ ಹಿರಿಯರು ಹೇಳುತ್ತಿದ್ದರಂತೆ. ಕೇಸು ಮುಗಿದ ಮೇಲೆ ಮುದ್ದೆಮಾಲನ್ನು ನಾಶ ಮಾಡಬೇಕು, ಇಲ್ಲವೇ ಸರ್ಕಾರಕ್ಕೆ ಜಮಾ ಮಾಡಬೇಕು, ಇಲ್ಲವೇ ಯಾರದೋ ಅವರಿಗೆ ತಿರುಗಿ ಕೊಡಬೇಕು. ನಾಲ್ಕನೆಯ ದಾರಿ ಇಲ್ಲ.

"ಫೈಲು ಸುಟ್ಟಿರ್ತಾರ. ಮುದ್ದೆಮಾಲು ರಿಜಿಸ್ಟರ್ ಇದ್ರೂ ಇರಬೌದು. ಅರ್ಜಿ ಹಾಕು, ನಾ ಹೇಳ್ತೀನಿ. ಬ್ಯಾಡ ಅನ್ನಿಸಿದ್ರ ಈಗ ಬಿಟ್ಬಿಡು."

"ನಾ ಯಾವತ್ತರ ಬ್ಯಾಡ ಅಂದೀನೇನು?"

"ಬ್ಯಾರೆಯವ್ರ ಸುದ್ದಿಗೆ ಅಂದಿಲ್ಲ ಬಿಡು," ಎಂದು ಮಿರ್ಚಿ ಬಾಯಿಗೆ ಹಾಕಿಕೊಂಡ.

4 ಸೆಪ್ಟೆಂಬರ್, ಗುರುವಾರ

ರಿಜಿಸ್ಟರ್ ಸಿಕ್ಕಿತು. ಗೆದ್ದಲು ಅಂಚು ತಿಂದಿದೆ, ನಡುವೆ ಚೆನ್ನಾಗಿದೆ. ನಕಲು ತೆಗೆಸಿಕೊಂಡೆ. ಕನ್ನಡದಲ್ಲಿ ಇಷ್ಟು:

ಸೆಷನ್ಸ್ ಕೇಸ್ 47, 1934. ಕುರಿ ವ್ಯಾಪಾರಿಯೊಬ್ಬನ ಕೊಲೆ. ಫಿರ್ಯಾದಿ: ಗ್ರಾಮ ಮುನಸೀಬ, ಕುರುಗೋಡು. ಆರೋಪಿ: ಗಾಳೆಪ್ಪ, ಬೇಟೆಗಾರ, ಅದೇ ಊರು. ತೀರ್ಪು: ನಿರ್ದೋಷಿ, ಬಿಡುಗಡೆ. ಎಂ.ಓ. 2, ಕೊಂಬಿನ ಹಿಡಿಯ ಬೇಟೆ ಕತ್ತಿ: ಮಾಲೀಕ ಗಾಳೆಪ್ಪನಿಗೆ ತಿರುಗಿ ಕೊಡತಕ್ಕದ್ದು. ಅವನಿಗೆ ತಲುಪಿಸಲು ಗ್ರಾಮ ಮುನಸೀಬರ ವಶಕ್ಕೆ ಕೊಡಲಾಗಿದೆ.

ಕೊನೆಯ ಕಾಲಂನಲ್ಲಿ ತೆಲುಗು ಅಕ್ಷರದ ರುಜು. ಅಜ್ಜನದು. ಮನೆಯ ಹಳೆಯ ಪತ್ರಗಳಲ್ಲಿ ನೂರು ಸಲ ನೋಡಿದ ರುಜು.

ತಲುಪಿಸಲಿಲ್ಲ. ಯಾಕೆ ಎಂಬುದಕ್ಕೆ ದಾಖಲೆ ಇಲ್ಲ. ತಲುಪಿಸಲಿಲ್ಲ ಎಂಬುದಕ್ಕೆ ದಾಖಲೆ ನನ್ನ ಮೇಜಿನ ಮೇಲಿದೆ.

ಎರಡು ಕಡೆ ಕೇಳದೆ ಬರೆಯಬಾರದು. ಕುರುಗೋಡಿನ ಹಂಪಯ್ಯನವರಿಗೆ ಫೋನ್ ಮಾಡಿದೆ. ತೊಂಬತ್ತರ ಹತ್ತಿರ ಇದ್ದಾರೆ. ಗಾಳೆಪ್ಪನ ಮನೆಯವರು ಊರು ಬಿಟ್ಟು ಸಿರುಗುಪ್ಪದ ಕಡೆ ದೇಶನೂರಿಗೆ ಹೋದರಂತೆ. ಮೊಮ್ಮಗಳು ಮೂಕಮ್ಮ ಇನ್ನೂ ಬದುಕಿದ್ದಾಳಂತೆ.

7 ಸೆಪ್ಟೆಂಬರ್, ಭಾನುವಾರ

ದೇಶನೂರು. ಕಾಲುವೆಯ ಎರಡೂ ಕಡೆ ಭತ್ತ. ಮೂಕಮ್ಮನ ಮಗ ರಾಮಾಂಜಿನಿ ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಭಾನುವಾರ, ಮನೆಯಲ್ಲಿದ್ದ. ಪೇಪರಿನವನು, ಹಳೆಯ ಬೇಟೆ ಮನೆತನಗಳ ಬಗ್ಗೆ ಬರೆಯುತ್ತಿದ್ದೇನೆ ಎಂದೆ. ನಾನು ಯಾರ ಮನೆಯವನು ಎಂದು ಅವರು ಕೇಳಲಿಲ್ಲ.

ಮೂಕಮ್ಮನಿಗೆ ಎಂಬತ್ತು. ಕಣ್ಣಿಗೆ ಪೊರೆ. ಮುಖಕ್ಕಿಂತ ದನಿಯ ಕಡೆ ತಿರುಗಿ ಮಾತಾಡುತ್ತಾಳೆ. ನಿಮ್ಮ ತಾತ ಬೇಟೆ ಕತ್ತಿಯಲ್ಲಿ ಚಿರತೆ ಹೊಡೆದದ್ದುಂಟೇ ಎಂದು ಕೇಳಿದೆ.

"ಚಿರತಿ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. "ಚಿರತೀನ ಯಾರು ಕತ್ತೀಲೆ ಹೊಡಿತಾರಪ್ಪಾ? ಹಂದಿ ಕತ್ತಿ ಅದು. ಹಂದಿ ಬಿದ್ಮ್ಯಾಲೆ ಯಾರ ಕತ್ತಿ ಮೊದಲು ಇಳಿತೈತೋ ಅವ್ರ ಮನಿಗೆ ತಲಿ. ನಮ್ ತಾತನ ಮನಿಗೇ ಬರ್ತಿತ್ತು ತಲಿ."

ಆಮೇಲೆ ಕೇಸಿನ ಮಾತು ಬಂತು. ಆ ಬೇಟೆಗಾರರಲ್ಲಿ ಒಂದು ಕಟ್ಟಳೆ ಇತ್ತಂತೆ. ಸರ್ಕಾರದವರು ಒಬ್ಬನ ಆಯುಧ ಹಿಡಿದುಕೊಂಡು ಹೋದರೆ, ಅದು ತಿರುಗಿ ಅವನ ಕೈಗೆ ಬಂದ ದಿನ ಅವನು ಶುದ್ಧ. ಅಲ್ಲಿಯವರೆಗೆ ಅವನಿಗೆ ಬೇಟೆಯಲ್ಲಿ ಪಾಲಿಲ್ಲ, ಊಟದ ಸಾಲಿನಲ್ಲಿ ಜಾಗವಿಲ್ಲ. ಗಾಳೆಪ್ಪ ಬಿಡುಗಡೆಯಾಗಿ ಬಂದ. ಬರಿಗೈಯಲ್ಲಿ ಬಂದ.

"ಗೌಡ್ರು ಕಟ್ಟಿ ಮ್ಯಾಲೆ ಕುಂತು ಹೇಳಿದ್ರಂತ, ಕೋರ್ಟು ಮನುಷ್ಯಾನ್ನ ಬಿಟ್ಟೈತಿ, ಕತ್ತಿ ಬಿಟ್ಟಿಲ್ಲ ಅಂತ. ಮುಗೀತು. ಒಬ್ರೂ ಕರೀಲಿಲ್ಲ ತಾತನ್ನ. ನಮ್ಮತ್ತೇರಿಗೆ ಗಂಡು ಸಿಗಲಿಲ್ಲ. ಈ ಊರಾಗೂ ನಮ್ಮ ಮನಿಗೆ ಏನಂತಾರ ಗೊತ್ತೇನು? ಹೇಳೋ ರಾಮಾಂಜಿ."

ರಾಮಾಂಜಿನಿ ನೆಲ ನೋಡಿದ. "ಬಿಡವ್ವಾ."

"ಕೊಲಿ ಮಾಡಿದವ್ರ ಮನಿ ಅಂತಾರ."

ಮಹಾನವಮಿಯ ದಿನ ಕುಡುಗೋಲು, ಸಲಿಕೆ ಎಲ್ಲದರ ನಡುವೆ ಒಂದು ಹಳದಿ ಬಟ್ಟೆ ಹಾಸಿ, ಖಾಲಿ ಬಟ್ಟೆಗೇ ಕುಂಕುಮ ಇಡುತ್ತಾರಂತೆ. ಕತ್ತಿಯ ಜಾಗ.

"ನೀನು ಓದಿದಾಂವ, ಯಪ್ಪಾ. ಕೋರ್ಟಿನ್ಯಾಗ ಕೇಳಿಕೆಂಡು ಬಾ. ಕತ್ತಿ ತಿರುಗಿ ಕೊಡ್ರಿ ಅಂತ ಬರದಿತ್ತೋ ಇಲ್ಲೋ. ಅಷ್ಟ ಸಾಕು ನನಗ. ಸಾಯೂದ್ರಾಗ ಒಂದು ಮಾತು."

ನಕಲು ಅಂಗಿಯ ಕಿಸೆಯಲ್ಲಿತ್ತು. ವಿಚಾರಿಸುತ್ತೇನೆ ಎಂದೆ. ಮೊದಲು ಅಣ್ಣನಿಗೆ ಹೇಳುವುದು ಸರಿಯಾದ ಕ್ರಮ. ಒಂದು ವಾರ ಹೆಚ್ಚುಕಡಿಮೆ ಏನಾಗುತ್ತದೆ.

9 ಸೆಪ್ಟೆಂಬರ್, ಮಂಗಳವಾರ

ಕುರುಗೋಡು. ಅಣ್ಣ ನಕಲನ್ನು ಎರಡು ಸಲ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ.

"ಅಜ್ಜ ಕಳ್ಳ ಅಂತ ಗಾಜಿನ ಪೆಟ್ಟಿಗ್ಯಾಗ ಬರದು ಇಡಾವೇನು ನೀನು?"

"ಕಳ್ಳ ಅಂತಲ್ಲ. ಕೊಡಬೇಕಿತ್ತು, ಕೊಡಲಿಲ್ಲ ಅಂತ."

"ಎರಡೂ ಒಂದ."

"ಇದ್ದದ್ದು ಇದ್ದಂಗ ಬರೀತೀನಿ ಅಂತ ಮೊದಲ ಹೇಳೀನಿ. ಆ ಮುದುಕಿ ಕಡೆ ಹೋಗಿ ನಾವ ಕೊಟ್ಟು ಬರೂಣು."

ಅಣ್ಣ ಕೂಗಾಡಲಿಲ್ಲ. ಎದ್ದು ಹೋಗಿ ಒಳಗಿನಿಂದ ಒಂದು ಫ್ರೇಮು ತಂದ. ನನ್ನ 2003ರ ಅರ್ಧ ಪುಟ, ಗಾಜು ಹಾಕಿಸಿದೆ.

"ಇದನ್ನೂ ಅಲ್ಲೇ ಹಾಕಸ್ತೀವಿ. ಚಿರತಿ ಎಷ್ಟು ಫೂಟ್ ಇತ್ತು ಅಂತ ಸೈತ ಬರದೀಯಲ್ಲೋ! ಊರಾಗ ಸಾಲಿ ಮಾಸ್ತರು ಇದನ್ನ ನೋಡೇ ಪಾಠ ಹೇಳ್ತಾರ. ಕತ್ತಿ ಸುಳ್ಳು ಅಂದ್ರ ಅಜ್ಜಗಿಂತ ಮೊದಲು ನೀ ಸುಳ್ಳ. ಹುಡುಗರಿಗೆ ಎರಡು ಕಡಿ ಕೇಳ್ರಿ ಅಂತ ಬೈತಿದ್ದೆಲ್ಲಾ, ನೀ ಎಷ್ಟು ಕಡಿ ಕೇಳಿದ್ದಿ?"

ಒಂದು ಕಡೆ. ಅದೂ ಅವನನ್ನೇ.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಬಳ್ಳಾರಿವರೆಗೆ ನಿಂತೇ ಬಂದೆ.

12 ಸೆಪ್ಟೆಂಬರ್, ಶುಕ್ರವಾರ

ಶಾಂತವಾಗಿ ಯೋಚಿಸಿದೆ. ರಿಜಿಸ್ಟರಿನಲ್ಲಿ 'ಕೊಂಬಿನ ಹಿಡಿಯ ಬೇಟೆ ಕತ್ತಿ' ಎಂದಷ್ಟೇ ಇದೆ. ಅಳತೆ ಇಲ್ಲ. ಕೊಂಬಿನ ಹಿಡಿ ಆ ಕಾಲದಲ್ಲಿ ಸಾಮಾನ್ಯ. ನಂಬರು ಹೊಂದುತ್ತದೆ, ನಿಜ. ಆದರೆ ನಂಬರನ್ನು ಯಾರು, ಯಾವಾಗ ಗೀರಿದರು ಎಂಬುದಕ್ಕೆ ಸ್ವತಂತ್ರ ಪುರಾವೆ ಇಲ್ಲ. ಸುಭಾಷ್ ಹೇಳಿದ್ದೂ ಬರೀ ಕೇಳಿದ ಮಾತು.

ಅವಸರದಲ್ಲಿ ತೀರ್ಮಾನಕ್ಕೆ ಬಂದಿದ್ದೆ ಅನ್ನಿಸುತ್ತದೆ.

15 ಸೆಪ್ಟೆಂಬರ್

ರಾಮಾಂಜಿನಿಯ ಫೋನು ಎರಡು ಸಲ. ಸ್ನಾನದಲ್ಲಿದ್ದೆ.

19 ಸೆಪ್ಟೆಂಬರ್

ಮತ್ತೆ ಫೋನು. ಬಿಸಿಲು ಹೆಚ್ಚು.

24 ಸೆಪ್ಟೆಂಬರ್, ಬುಧವಾರ

ಹಾಳೆ ಬರೆದು ಮುಗಿಸಿದೆ. ಏಳನೆಯ ಕರಡು:

'ಈ ಬೇಟೆ ಕತ್ತಿಯು ಕುರುಗೋಡಿನ ಗ್ರಾಮ ಮುನಸೀಬರಾಗಿದ್ದ ದಿ. ಪಂಪನಗೌಡರ ಮನೆತನದಲ್ಲಿ ತಲೆಮಾರುಗಳಿಂದ ಪೂಜೆಗೊಳ್ಳುತ್ತಿದೆ. ಸ್ಥಳೀಯ ಕಮ್ಮಾರರ ಕೆಲಸವಿರಬಹುದು. ಇದರ ಮೂಲ ಖಚಿತವಾಗಿ ತಿಳಿದುಬಂದಿಲ್ಲ. ಚಿರತೆಯ ಬೇಟೆಯಲ್ಲಿ ಬಳಕೆಯಾಗಿತ್ತೆಂಬ ಪ್ರತೀತಿ ಇದೆ.'

ಇದರಲ್ಲಿ ಒಂದೂ ಸುಳ್ಳಿಲ್ಲ. ದೊರೆಯ ಪ್ರಸ್ತಾಪವನ್ನು ಪೂರ್ತಿ ತೆಗೆದಿದ್ದೇನೆ. ಅಣ್ಣನಿಗೆ ಅದರಿಂದ ಬೇಸರವಾಗಬಹುದು, ನಾನು ರಾಜಿಯಾಗಲಿಲ್ಲ.

ವಿಜಯಲಕ್ಷ್ಮಿಗೆ ಓದಿ ಹೇಳಿದೆ. ಬೆಳ್ಳುಳ್ಳಿ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ.

"ತಿಳಿದುಬಂದಿಲ್ಲ ಅಂದ್ರ ಯಾರಿಗ್ರೀ? ನಿಮಗ ತಿಳದೈತಲ್ಲ."

"ಓದುವವ್ರಿಗೆ."

"ಮೊದ್ಲೆಲ್ಲಾ ಹಿಂಗ ಬರದ ಹುಡುಗರ ಕಾಪಿ ಮನಿಗೆ ತಂದು ನನಗ ತೋರಿಸಿ ನಗ್ತಿದ್ರಿ."

ಅವಳಿಗೆ ಪತ್ರಿಕೆಯ ಕೆಲಸ ಗೊತ್ತಿಲ್ಲ.

26 ಸೆಪ್ಟೆಂಬರ್, ಶುಕ್ರವಾರ

ರಾಮಾಂಜಿನಿ ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಮೊಬೈಲು, ಅದರಲ್ಲಿ ಅಣ್ಣ ಹಂಚಿದ ಆಮಂತ್ರಣ. ಅಜ್ಜನ ಫೋಟೋ, ಕತ್ತಿಯ ಫೋಟೋ, ಕೆಳಗೆ ನನ್ನದು.

"ಸಾರ್, ನೀವು ಗೌಡ್ರ ಮನಿಯವ್ರು ಅಂತ ಹೇಳಲಿಲ್ಲ."

"ನೀವು ಕೇಳಲಿಲ್ಲ," ಎಂದೆ. ಅದು ನಿಜ.

ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಜಗಳಕ್ಕ ಬಂದಿಲ್ಲ ಸಾರ್. ತಾತನ ಕಣ್ಮುಂದ ಕೋರ್ಟಿನ್ಯಾಗ ಕತ್ತಿಗೆ ನಂಬ್ರ ಗೀರಿದ್ರಂತ. ನನ್ನ ಮೈಮ್ಯಾಲೆ ಗೀರಿದಂಗಾತು ಅಂತಿದ್ನಂತ. ಈ ಕತ್ತಿ ಮ್ಯಾಲೆ ಗೀರು ಇದ್ರ ನಮ್ದು. ಇಲ್ಲಾಂದ್ರ ಇಲ್ಲ. ಅವ್ವಗ ಒಂದ್ಸಲ ಮುಟ್ಟಾಕ ಬಿಡ್ರಿ. ಕತ್ತಿ ಕೊಡ್ರಿ ಅಂತ ಕೇಳಂಗಿಲ್ಲ. ಅವ್ವ ಮುಟ್ಲಿ, ಸಾಕು."

ಕತ್ತಿ ಒಳಗೆ ಬೀರುವಿನಲ್ಲಿತ್ತು. ಎರಡನೇ ತಾರೀಖು ಕುರುಗೋಡಿಗೆ ಕರೆದುಕೊಂಡು ಬಾ, ಎಲ್ಲರ ಎದುರಿಗೇ ಮುಟ್ಟಿ ನೋಡಲಿ, ನಮ್ಮದೇನೂ ಮುಚ್ಚುಮರೆ ಇಲ್ಲ ಎಂದೆ.

"ದೊಡ್ಡ ಮನಸು ಸಾರ್," ಎಂದು ಕೈಮುಗಿದು ಹೋದ.

28 ಸೆಪ್ಟೆಂಬರ್, ಭಾನುವಾರ

ಮಹಾನವಮಿಗೆ ಮುಂಚೆ ಆಯುಧಗಳಿಗೆ ಸಾಣೆ ಹಿಡಿಸುವುದು ಎಲ್ಲ ಮನೆಗಳಲ್ಲೂ ಇರುವ ರೂಢಿ. ಹೊಳಪು ಬರಿಸಿ ತಾ ಎಂದು ಅಣ್ಣನೂ ಫೋನಿನಲ್ಲಿ ಹೇಳಿದ್ದ. ರಸ್ತೆಯಲ್ಲಿ ಸಾಣೆಯ ಸೈಕಲ್ಲು ಬಂತು. ಕರೆದು ಕೊಟ್ಟೆ.

ಪೆಡಲು ತುಳಿಯುತ್ತ ಮೊನೆಯಿಂದ ಶುರು ಮಾಡಿ ಹಿಡಿಯ ಹತ್ತಿರ ಬಂದಾಗ ಚಕ್ರ ನಿಲ್ಲಿಸಿದ. "ಇಲ್ಲೇನೋ ಅಕ್ಷರ ಅದಾವಲ್ರೀ. ಬಿಡ್ಲ್ಯಾ, ಹೊಡೀಲ್ಯಾ?"

ಅಷ್ಟರಲ್ಲಿ ಎದುರು ಮನೆಯವರು ಮಾತಾಡಿಸಿದರು. ಅವರ ಕಡೆ ತಿರುಗಿದೆ. ಸಾಣೆಯವನು ಸ್ವಲ್ಪ ಹೊತ್ತು ಕಾದ. ಆಮೇಲೆ ಚಕ್ರ ತಿರುಗಿದ ಸದ್ದು ಕೇಳಿಸಿತು. ಹೊಡಿ ಎಂದು ನಾನು ಹೇಳಿಲ್ಲ.

ಕೆಲಸ ಚೆನ್ನಾಗಿ ಮಾಡಿದ್ದಾನೆ.

2 ಅಕ್ಟೋಬರ್, ಗುರುವಾರ. ವಿಜಯದಶಮಿ

ಕುರುಗೋಡು. ಕಾರ್ಯಕ್ರಮ 10.20ಕ್ಕೆ ಶುರುವಾಯಿತು. ಜನ ಸುಮಾರು ನೂರಿಪ್ಪತ್ತು. ಅಣ್ಣ ಹೊಸ ಪಂಚೆ ಉಟ್ಟಿದ್ದ. ನನ್ನ ಹಾಳೆಯನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ, ಕಾಗುಣಿತ ತಪ್ಪಿಲ್ಲ.

ಭಾಷಣಗಳು ಮುಗಿಯುವ ಹೊತ್ತಿಗೆ ರಾಮಾಂಜಿನಿ ತಾಯಿಯನ್ನು ತೋಳು ಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದ. ನಾನು ಅಣ್ಣನಿಗೆ ಮೊದಲೇ ಹೇಳಿದ್ದೆ. ಅವನು ತಾನೇ ಪೆಟ್ಟಿಗೆಯ ಗಾಜು ತೆಗೆದ. "ಬಾರಮ್ಮಾ, ಮುಟ್ಟು. ಊರ ಮಂದಿ ಎಲ್ಲಾ ನೋಡ್ಲಿ."

ಮೂಕಮ್ಮ ಕತ್ತಿಯನ್ನು ಎರಡೂ ಅಂಗೈ ಮೇಲೆ ತೆಗೆದುಕೊಂಡಳು. ಹಿಡಿಯನ್ನು ಸವರಿದಳು. ಅಲಗಿನ ಒಂದು ಮಗ್ಗುಲು, ಇನ್ನೊಂದು ಮಗ್ಗುಲು, ಮೊನೆಯಿಂದ ಹಿಡಿಯವರೆಗೆ. ಮತ್ತೊಮ್ಮೆ.

"ಗೀರು ಎಲ್ಲೈತೋ ರಾಮಾಂಜಿ?"

ರಾಮಾಂಜಿನಿ ಬಗ್ಗಿ ನೋಡಿದ. ಹಿಡಿಯ ಹತ್ತಿರ ಬೆರಳಿಟ್ಟು ನನ್ನ ಕಡೆ ನೋಡಿದ. "ಇಲ್ಲಿ ಹೊಳಪು ಬ್ಯಾರೆ ಐತಿ ಸಾರ್. ಕಬ್ಬಿಣ ತಗ್ಗೈತಿ."

"ಹಬ್ಬಕ್ಕ ಸಾಣಿ ಹಿಡಿಸೇವಪ್ಪಾ. ನಿಮ್ಮನ್ಯಾಗ ಹಿಡಸಂಗಿಲ್ಲೇನು?" ಎಂದ ಅಣ್ಣ. ಯಾರೋ ನಕ್ಕರು.

ಮೂಕಮ್ಮ ನನ್ನ ದನಿ ಎಲ್ಲಿದೆ ಎಂದು ಹುಡುಕುವಂತೆ ಮುಖ ತಿರುಗಿಸಿದಳು. "ಪೇಪರಿನಪ್ಪಾ, ಇದೀಯೇನು? ನೀ ಸುಳ್ಳ ಹೇಳಾವಲ್ಲ. ಸಾಣಿಗಿಂತ ಮೊದಲು ನೀ ನೋಡಿದಾಗ ಇತ್ತೇನು ಗೀರು?"

"ಈಗ ನೀವ ಮುಟ್ಟಿ ನೋಡಿದ್ರೆಲ್ಲಾ, ಅಮ್ಮಾ," ಎಂದೆ.

ಹಿಡಿಯ ಹತ್ತಿರ ಇನ್ನೊಮ್ಮೆ ಬೆರಳಾಡಿಸಿದಳು.

"ಹೂಂ. ನೋಡಿದೆ. ನಮ್ದಲ್ಲ ಬಿಡು."

ಕತ್ತಿಯನ್ನು ಹಣೆಗೆ ಮುಟ್ಟಿಸಿ ಅಣ್ಣನ ಕೈಗೆ ಕೊಟ್ಟಳು. "ಗೌಡ್ರೇ, ತೊಂಬತ್ತು ವರ್ಸ ನಿಮ್ಮ ಮನಿ ಮ್ಯಾಲೆ ಸಂಶೆ ಪಟ್ವಿ. ತಪ್ಪಾತಪ್ಪಾ." ಬಗ್ಗಲು ಹೋದಳು, ಅಣ್ಣ ಬೇಡ ಬೇಡ ಎಂದು ತಡೆದ.

ಮೆಟ್ಟಿಲಿಳಿಯುವಾಗ ಮಗನಿಗೆ ಹೇಳುತ್ತಿದ್ದಳು. ನಾನು ಹಿಂದೆಯೇ ಇದ್ದೆ.

"ಹಂಗಾರ ಕೋರ್ಟು ಕತ್ತಿ ಬಿಟ್ಟೇ ಇಲ್ಲ ಕಣೋ. ತಾತ ಮಾಡಿದ್ದು ಖರೇನ ಇರಬೇಕು. ಸಾಯೋ ಮುಂದ ನನ್ನ ಕೈ ಹಿಡದು, ನಾ ಮಾಡಿಲ್ಲ ಮಗಳೇ ಅಂದಿದ್ದ. ಸಣ್ಣ ಹುಡುಗಿಗೆ ಸೈತ ಸುಳ್ಳು ಹೇಳಿದ ಮುದುಕ."

ರಾಮಾಂಜಿನಿ ಒಮ್ಮೆ ತಿರುಗಿ ನನ್ನನ್ನು ನೋಡಿದ. ಬಸ್ಸು ಬಂದಿತ್ತು.

ಊಟಕ್ಕೆ ಹೋಳಿಗೆ ಇತ್ತು. 11.40ಕ್ಕೇ ಕಾರ್ಯಕ್ರಮ ಮುಗಿದದ್ದರಿಂದ ಊಟಕ್ಕೆ ಕಾಯಬೇಕಾಯಿತು.

4 ಅಕ್ಟೋಬರ್, ಶನಿವಾರ

ಸುದ್ದಿ ಬಂದಿದೆ, ಒಳಪುಟದಲ್ಲಿ ಎರಡು ಕಾಲಂ. ಅಜ್ಜನ ಹೆಸರನ್ನು ಪಂಪಾಪತಿಗೌಡ ಎಂದು ಹಾಕಿದ್ದಾರೆ. ಒಂದು ಹೆಸರು ಸರಿಯಾಗಿ ಕೇಳಿಕೊಂಡು ಬರೆಯುವಷ್ಟು ಎಚ್ಚರವೂ ಈಗಿನ ಹುಡುಗರಿಗೆ ಇಲ್ಲ. ಫೋನ್ ಮಾಡಿ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ನಾಳೆ ತಿದ್ದುಪಡಿ ಹಾಕುತ್ತಾರಂತೆ.